ಸಕ್ಕರೆಯ ದಾರಿಗೆ ಅಡ್ಡ ನಿಂತವರು

1839ರಲ್ಲಿ ಜರ್ಮನಿಯ ಹೆಸರಾಂತ ರಸಾಯನಶಾಸ್ತ್ರ ಪತ್ರಿಕೆ ‘ಅನಾಲೆನ್’ನಲ್ಲಿ ಲೇಖಕರ ಹೆಸರಿಲ್ಲದ ಬರಹವೊಂದು ಅಚ್ಚಾಯಿತು. ಸಕ್ಕರೆ ನೀರು ಮದ್ಯವಾಗುವ ಗುಟ್ಟು ಕೊನೆಗೂ ಬಯಲಾಗಿದೆ ಎಂದು ಅದು ಸಾರಿತ್ತು. ಯೀಸ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅಲ್ಲಿ ಪುಟಾಣಿ ಪ್ರಾಣಿಗಳು ಕಂಡವಂತೆ. ಅವುಗಳ ಮೈ ಭಟ್ಟಿ ಇಳಿಸುವ ಪಾತ್ರೆಯ ಆಕಾರದ್ದಂತೆ. ಬಾಯಿಂದ ಸಕ್ಕರೆ ನುಂಗಿ ಹಿಂಬದಿಯಿಂದ ಆಲ್ಕೋಹಾಲನ್ನೂ ಮೂತ್ರದ್ವಾರದಿಂದ ಕಾರ್ಬಾನಿಕ್ ಅನಿಲವನ್ನೂ ಬಿಡುತ್ತವಂತೆ. ಮೂತ್ರಕೋಶ ತುಂಬಿ ಉಬ್ಬಿದಾಗ ಅದು ಥೇಟ್ ಷಾಂಪೇನ್ ಬಾಟಲಿಯಂತೆ!

ಬರೆದವರು ಫ್ರೆಡ್ರಿಕ್ ವೋಲರ್ ಮತ್ತು ಯುಸ್ಟುಸ್ ಲೀಬಿಗ್, ಅಂದಿನ ರಸಾಯನಶಾಸ್ತ್ರದ ಇಬ್ಬರು ದಿಗ್ಗಜರು. ಪತ್ರಿಕೆಯೇ ಅವರ ಕೈಯಲ್ಲಿದ್ದುದರಿಂದ ಗೇಲಿಗೆ ಅಡ್ಡಿಯಿರಲಿಲ್ಲ. ಗೇಲಿಗೆ ಗುರಿಯಾದವರು ಮೂವರು. ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಥಿಯೋಡೋರ್ ಶ್ವಾನ್ ಮತ್ತು ಫ್ರೆಡ್ರಿಕ್ ಕ್ಯುಟ್ಸಿಂಗ್. ಯೀಸ್ಟ್ ಬರಿಯ ಗಸಿಯಲ್ಲ, ಬೆಳೆಯುವ, ಮೊಳಕೆಯೊಡೆಯುವ ಜೀವಿ; ಸಕ್ಕರೆಯನ್ನು ಒಡೆಯುವುದು ಅದೇ ಎಂದು ಈ ಮೂವರೂ ಒಬ್ಬರಿಗೊಬ್ಬರ ಸಂಪರ್ಕವಿಲ್ಲದೆಯೇ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೇಳಿದ್ದರು. ಲೀಬಿಗ್‌ಗೆ ಇದು ರಸಾಯನಶಾಸ್ತ್ರದ ಮನೆಯೊಳಗೆ ಜೀವವೆಂಬ ದೆವ್ವವನ್ನು ಮತ್ತೆ ಬಿಟ್ಟುಕೊಂಡಂತೆ ಕಂಡಿತು. ಅವರ ಮಟ್ಟಿಗೆ ಹುದುಗುವಿಕೆ ಎಂದರೆ ಕೊಳೆಯುತ್ತಿರುವ ವಸ್ತುವಿನ ಅಲುಗಾಟ ಪಕ್ಕದ ಸಕ್ಕರೆಗೂ ತಗುಲಿ ಅದು ಒಡೆದುಹೋಗುವುದು, ಅಷ್ಟೇ.

ಈ ಎರಡು ಬಣಗಳ ನಡುವೆ ಸಿಕ್ಕಿಕೊಂಡಿದ್ದ ಪ್ರಶ್ನೆ ಮಾತ್ರ ಹಳೆಯದು. 1789ರಲ್ಲೇ ಲಾವಾಸಿಯೇ ಸಕ್ಕರೆಯನ್ನು ತೂಗಿ, ಅದರಿಂದ ಹುಟ್ಟಿದ ಆಲ್ಕೋಹಾಲನ್ನೂ ಅನಿಲವನ್ನೂ ತೂಗಿ, ಎರಡೂ ತಟ್ಟೆ ಸಮವೆಂದು ತೋರಿಸಲು ಹೊರಟಿದ್ದರು. 1815ರಲ್ಲಿ ಗೇ ಲ್ಯುಸಾಕ್ ಅದಕ್ಕೊಂದು ಸಮೀಕರಣ ಕೊಟ್ಟರು. ಒಂದು ತುದಿಯಲ್ಲಿ ಸಕ್ಕರೆ, ಇನ್ನೊಂದು ತುದಿಯಲ್ಲಿ ಆಲ್ಕೋಹಾಲ್. ನಡುವೆ ಏನಾಗುತ್ತದೆ? ಆ ನಡುವಿನ ದಾರಿಯನ್ನು ತಿಳಿಯಲು ಇನ್ನೂ ನೂರಿಪ್ಪತ್ತೈದು ವರ್ಷ ಹಿಡಿಯಿತು. ತಡವಾದದ್ದಕ್ಕೆ ಕಾರಣವಿದೆ. ಆರೋಗ್ಯವಂತ ಕೋಶದಲ್ಲಿ ನಡುಹಾದಿಯ ಪದಾರ್ಥಗಳು ಹುಟ್ಟಿದ ಕ್ಷಣವೇ ಮುಂದಕ್ಕೆ ಹೋಗಿಬಿಡುತ್ತವೆ. ಕೈಗೆ ಸಿಗುವಷ್ಟು ಗುಡ್ಡೆಯಾಗುವುದೇ ಇಲ್ಲ. ಅವನ್ನು ಹಿಡಿಯಬೇಕಾದರೆ ಎಲ್ಲೋ ಒಂದು ಕಡೆ ದಾರಿಗೆ ಅಡ್ಡಹಾಕಬೇಕು. ಈ ಕಥೆಯ ಮುಖ್ಯ ತಿರುವುಗಳೆಲ್ಲ ಹಾಗೆ ಅಡ್ಡಹಾಕಿದ ಗಳಿಗೆಗಳು, ಅವುಗಳಲ್ಲಿ ಕೆಲವಂತೂ ಬೇರೇನೋ ಮಾಡಹೋಗಿ ಆದದ್ದು.

ಲೂಯಿ ಪಾಶ್ಚರ್ ಅಖಾಡಕ್ಕಿಳಿದದ್ದು 1856ರಲ್ಲಿ. ಲೀಲ್ ನಗರದ ಮದ್ಯ ತಯಾರಕನೊಬ್ಬ ತನ್ನ ಬೀಟ್‌ರೂಟ್ ರಸದ ತೊಟ್ಟಿಗಳು ಹುಳಿಯುತ್ತಿವೆ ಎಂದು ದೂರು ತಂದಿದ್ದ. ಪಾಶ್ಚರ್ ನೋಡಿದರೆ ಕೆಟ್ಟ ತೊಟ್ಟಿಯಲ್ಲಿ ಬೇರೆಯೇ ಜೀವಿಗಳಿದ್ದವು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಅವರು ಶ್ವಾನ್ ಪಕ್ಷವನ್ನು ಗೆಲ್ಲಿಸಿದರು. ಜೀವವಿಲ್ಲದೆ ಹುದುಗುವಿಕೆಯಿಲ್ಲ ಎಂಬುದು ಅವರ ತೀರ್ಮಾನ. ಜೊತೆಗೆ ಇನ್ನೊಂದು ವಿಚಿತ್ರವನ್ನೂ ಗಮನಿಸಿದರು. ಗಾಳಿ ಸಿಕ್ಕರೆ ಯೀಸ್ಟ್ ಚೆನ್ನಾಗಿ ಬೆಳೆಯುತ್ತದೆ, ಆದರೆ ಸಕ್ಕರೆಯನ್ನು ಕಡಿಮೆ ಬಳಸುತ್ತದೆ. ಗಾಳಿ ಇಲ್ಲದಿದ್ದರೆ ಬೆಳೆಯುವುದು ಕಡಿಮೆ, ಸಕ್ಕರೆ ಮುಗಿಸುವುದು ಜಾಸ್ತಿ. ಇದರ ಅರ್ಥ ಬಿಡಿಸಲು ಬೇಕಾದ ಸಲಕರಣೆ ಆ ಕಾಲಕ್ಕಿರಲಿಲ್ಲ.

ಗೆದ್ದ ಮೇಲೆ ಪಾಶ್ಚರ್ ಬಿಗಿಯಾದರು ಎನ್ನಬೇಕು. ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನಾದ ಗ್ಲೈಕೋಜೆನ್ನನ್ನು ಕಂಡುಹಿಡಿದ ಕ್ಲೋದ್ ಬೆರ್ನಾರ್ 1878ರಲ್ಲಿ ತೀರಿಕೊಂಡರು. ಅವರ ಕಾಗದಗಳ ನಡುವೆ ಸಿಕ್ಕ ಟಿಪ್ಪಣಿಗಳಲ್ಲಿ, ಕೋಶವಿಲ್ಲದೆಯೂ ದ್ರಾಕ್ಷಿ ರಸದಲ್ಲಿ ಆಲ್ಕೋಹಾಲ್ ಹುಟ್ಟೀತು ಎಂಬ ಸೂಚನೆಯಿತ್ತು. ರಸಾಯನಜ್ಞ ಬೆರ್ತಲೋ ಅವನ್ನು ಪ್ರಕಟಿಸಿಬಿಟ್ಟರು. ಸತ್ತ ಗೆಳೆಯನ ಅರೆಬರೆ ಟಿಪ್ಪಣಿಗಳ ವಿರುದ್ಧ ಪಾಶ್ಚರ್ ಒಂದು ಇಡೀ ಪುಸ್ತಕವನ್ನೇ ಬರೆದರು. ಬೆರ್ನಾರ್ ಮಾಡಿದ್ದ ಪ್ರಯೋಗಗಳು ದುರ್ಬಲವಾಗಿದ್ದವು, ನಿಜ. ಅವರ ಊಹೆ ಮಾತ್ರ ಸರಿಯಾಗಿತ್ತು.

ಅದನ್ನು ಸಾಬೀತು ಮಾಡಿದವರಿಗೆ ಸಾಬೀತು ಮಾಡುವ ಉದ್ದೇಶವೇ ಇರಲಿಲ್ಲ. ಮ್ಯೂನಿಕ್‌ನ ಹಾನ್ಸ್ ಬುಕ್ನರ್ ಸೂಕ್ಷ್ಮಜೀವಿಗಳ ಒಳಗಿನ ರಸವನ್ನು ಹಿಂಡಿ ಔಷಧಿ ಮಾಡುವ ಹಂಬಲದಲ್ಲಿದ್ದರು. ತಮ್ಮ ಎಡ್ವರ್ಡ್ ಬುಕ್ನರ್ ರಸಾಯನಜ್ಞ. ಎಡ್ವರ್ಡ್ 1893ರಲ್ಲೇ ಯೀಸ್ಟ್ ಅರೆಯಲು ಹೊರಟಾಗ ‘ಇದರಿಂದ ಏನೂ ಗಿಟ್ಟುವುದಿಲ್ಲ’ ಎಂದು ಪ್ರಯೋಗಾಲಯದ ಮೇಲಿನವರು ಕೆಲಸ ನಿಲ್ಲಿಸಿದ್ದರು. 1896ರ ರಜೆಯಲ್ಲಿ ಎಡ್ವರ್ಡ್ ಮತ್ತೆ ಅಣ್ಣನ ಪ್ರಯೋಗಾಲಯಕ್ಕೆ ಬಂದರು. ಅಲ್ಲಿನ ಸಹಾಯಕ ಮಾರ್ಟಿನ್ ಹಾನ್ ಹೇಳಿಕೊಟ್ಟ ಉಪಾಯದಂತೆ ಬಿಯರ್ ತಯಾರಿಕೆಯ ಯೀಸ್ಟಿಗೆ ಬೆಣಚುಕಲ್ಲಿನ ಮರಳನ್ನೂ ಕೀಸೆಲ್‌ಗುರ್ ಎಂಬ ಸಿಲಿಕಾ ಪುಡಿಯನ್ನೂ ಬೆರೆಸಿ, ಭಾರದ ಒನಕೆಯಿಂದ ಅರೆದು, ಬಟ್ಟೆಯಲ್ಲಿ ಸುತ್ತಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಹಿಂಡಿದರು. ಒಂದು ಕಿಲೋ ಯೀಸ್ಟಿಗೆ ಸುಮಾರು ಅರ್ಧ ಲೀಟರ್ ಹಳದಿ ರಸ ಸಿಕ್ಕಿತು.

ರಸವೇನೋ ಸಿಕ್ಕಿತು, ಕೆಡದಂತೆ ಇಡುವುದು ಹೇಗೆ? ಕ್ರಿಮಿನಾಶಕ ಹಾಕಿದರೆ ಔಷಧಿಯೇ ಹಾಳು. ಹಣ್ಣಿನ ಜಾಮ್ ಮಾಡುವವರು ಕೆಡದಿರಲೆಂದು ಸುರಿಯುವಂತೆ ಅದಕ್ಕೆ ಧಾರಾಳವಾಗಿ ಸಕ್ಕರೆ ಸುರಿದರು. ಸ್ವಲ್ಪ ಹೊತ್ತಿಗೆ ಗುಳ್ಳೆಗಳು ಏಳತೊಡಗಿದವು. ಒಂದೇ ಒಂದು ಜೀವಂತ ಕೋಶವಿಲ್ಲದ ರಸ ಸಕ್ಕರೆಯನ್ನು ಆಲ್ಕೋಹಾಲನ್ನಾಗಿ ಮಾಡುತ್ತಿತ್ತು!

1897ರ ಆರಂಭದಲ್ಲಿ ಪ್ರಕಟವಾದ ಆ ವರದಿ ಜೀವರಸಾಯನಶಾಸ್ತ್ರದ ಹುಟ್ಟಿನ ದಾಖಲೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಇತಿಹಾಸಕಾರರು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ರಷ್ಯಾದ ವೈದ್ಯೆ ಮರಿಯಾ ಮನಸೇಯಿನಾ 1870ರ ದಶಕದ ಆರಂಭದಲ್ಲೇ ವಿಯೆನ್ನಾದಲ್ಲಿ ಪ್ರಯೋಗ ಮಾಡಿ, ಯೀಸ್ಟನ್ನು ಕಾಯಿಸಿ ಕೊಂದ ಮೇಲೂ ಹುದುಗುವಿಕೆ ನಡೆಯುತ್ತದೆ ಎಂದು ಬರೆದಿದ್ದರು. ಬುಕ್ನರ್ ಹೆಸರು ಮೊಳಗುತ್ತಿದ್ದಂತೆ ಆಕೆ ಅದೇ ಪತ್ರಿಕೆಯಲ್ಲಿ ತಮ್ಮ ಹಕ್ಕು ಸ್ಥಾಪಿಸಲು ಹೊರಟರು. ಕೋಶಗಳೆಲ್ಲ ಸತ್ತಿದ್ದವೆಂಬುದಕ್ಕೆ ಆಕೆಯ ವಿಧಾನದಲ್ಲಿ ಖಾತರಿಯಿರಲಿಲ್ಲ ಎಂಬುದು ಬುಕ್ನರ್ ಉತ್ತರ. ಹೆಚ್ಚಿನ ವಿದ್ವಾಂಸರು ಈ ಮಾತಿಗೇ ತೂಕ ಕೊಡುತ್ತಾರೆ. ಆದರೂ ಆಕೆಯ ಹೆಸರು ಪೂರ್ತಿ ಅಳಿಸಿಹೋದದ್ದಕ್ಕೆ ಪ್ರಯೋಗದ ಕೊರತೆಯೊಂದೇ ಕಾರಣ ಎನ್ನುವುದು ಕಷ್ಟ. ಬುಕ್ನರ್‌ಗೆ 1907ರಲ್ಲಿ ನೊಬೆಲ್ ಬಂತು. ಹತ್ತು ವರ್ಷದ ನಂತರ, ಮೊದಲ ಮಹಾಯುದ್ಧದ ರೊಮೇನಿಯಾ ರಣರಂಗದಲ್ಲಿ ಶೆಲ್ ಚೂರು ತಗುಲಿ ಅವರು ಸತ್ತರು. ಆಗ ಅವರಿಗೆ 57.

ಕೋಶವನ್ನು ಒಡೆದಾಗಿತ್ತು. ರಸದೊಳಗಿನ ಕಿಣ್ವಕ್ಕೆ ಬುಕ್ನರ್ ಜೈಮೇಸ್ ಎಂದು ಹೆಸರಿಟ್ಟಿದ್ದರು. ಒಂದೇ ಕಿಣ್ವ ಇಡೀ ಕೆಲಸ ಮುಗಿಸುತ್ತದೆ ಎಂದು ಅವರ ಎಣಿಕೆ. ಆ ನಂಬಿಕೆಯನ್ನು ಕೆಡವಿದ್ದು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್. ಯೀಸ್ಟ್ ರಸಕ್ಕೆ ಸಕ್ಕರೆ ಹಾಕಿದರೆ ಮೊದಲು ಭರ್ರನೆ ಗುಳ್ಳೆ ಬಂದು, ಬೇಗನೆ ಮಂದವಾಗುತ್ತಿತ್ತು. ಕುದಿಸಿದ ಯೀಸ್ಟ್ ರಸವನ್ನು ಅದಕ್ಕೆ ಸೇರಿಸಿದರೆ ಮತ್ತೆ ಚುರುಕು. ಕುದಿಸಿದ ರಸದಲ್ಲಿ ಕಿಣ್ವ ಬದುಕಿರಲಾರದು, ಹಾಗಾದರೆ ಕೆಲಸ ಮಾಡಿದ್ದು ಯಾವುದು? ಒಂದು ಉತ್ತರ ತೀರಾ ಸಾದಾ ಆಗಿತ್ತು: ಫಾಸ್ಫೇಟ್. ಸೇರಿಸಿದ ಫಾಸ್ಫೇಟ್ ಕರಗಿ ಸುಮ್ಮನೆ ಕೂತಿರಲೂ ಇಲ್ಲ; ಅದು ಸಕ್ಕರೆಗೇ ಅಂಟಿಕೊಂಡಿತ್ತು. 1905–06ರಲ್ಲಿ ಎರಡು ಫಾಸ್ಫೇಟ್ ಹೊತ್ತ ಸಕ್ಕರೆಯ ಸುಳಿವು ಅವರಿಗೆ ಸಿಕ್ಕಿತು. ನಡುಹಾದಿಯಲ್ಲಿ ಸಿಕ್ಕಿಬಿದ್ದ ಮೊದಲ ಪದಾರ್ಥ ಅದು.

ಎರಡನೆಯ ಉತ್ತರ ಇನ್ನೂ ದೂರದ್ದು. ರಸವನ್ನು ಜೆಲಟಿನ್ ಸವರಿದ ಸೋಸುಕದಲ್ಲಿ ಒತ್ತಡ ಹಾಕಿ ಸೋಸಿದರೆ ಎರಡು ಪಾಲಾಗುತ್ತಿತ್ತು. ಮೇಲೆ ಉಳಿದದ್ದು ನಿಷ್ಕ್ರಿಯ, ಕೆಳಗೆ ಇಳಿದದ್ದೂ ನಿಷ್ಕ್ರಿಯ, ಕೂಡಿಸಿದರೆ ಸಕ್ರಿಯ. ಕೆಳಗಿಳಿದ, ಕುದಿಸಿದರೂ ಸಾಯದ ಆ ಪುಟ್ಟ ಪದಾರ್ಥಕ್ಕೆ ಸಹಕಿಣ್ವ ಎಂಬ ಹೆಸರು ಬಂತು. ಅದರಲ್ಲಿ ಅಡಗಿದ್ದ ಒಂದು ಅಣುವನ್ನು ಈಗ ಎನ್‌ಎಡಿ ಎನ್ನುತ್ತೇವೆ. ಅದನ್ನು ಕಟ್ಟಲು ದೇಹಕ್ಕೆ ನಯಾಸಿನ್ ಎಂಬ ವಿಟಮಿನ್ ಬೇಕು. ಆ ವಿಟಮಿನ್ ಸಾಲದಾದಾಗ ಚರ್ಮ ಸುಟ್ಟಂತಾಗುವ ಪೆಲಾಗ್ರ ರೋಗವನ್ನು ಹೈದರಾಬಾದಿನ ಪೋಷಣಾ ಸಂಶೋಧಕರು ಮುಂದೆ ದಖ್ಖನಿನಲ್ಲಿ ಹೆಚ್ಚುಕಡಿಮೆ ಜೋಳವೊಂದನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಕಂಡರು. ಲಂಡನ್ನಿನ ಸೋಸುಕದಲ್ಲಿ ಇಳಿದುಹೋದ ಹನಿಗೂ ಆ ಜನರ ಸುಲಿದ ಚರ್ಮಕ್ಕೂ ಹೀಗೊಂದು ನಂಟು.

ಸಕ್ಕರೆಯ ದಾರಿ ಅಷ್ಟರಲ್ಲಿ ಯುದ್ಧಕ್ಕೂ ಬೇಕಾಯಿತು. ಸ್ಫೋಟಕಕ್ಕೆ ಗ್ಲಿಸರಿನ್ ಬೇಕು, ಗ್ಲಿಸರಿನ್‌ಗೆ ಕೊಬ್ಬು ಬೇಕು, ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ಜರ್ಮನಿಗೆ ಕೊಬ್ಬು ಬರುತ್ತಿರಲಿಲ್ಲ. ಯೀಸ್ಟಿನ ತೊಟ್ಟಿಗೆ ಸಲ್ಫೈಟ್ ಬೆರೆಸಿದರೆ ಅದು ನಡುದಾರಿಯ ಅಸಿಟಾಲ್ಡಿಹೈಡನ್ನು ಹಿಡಿದುಬಿಡುತ್ತದೆ, ಆಗ ಯೀಸ್ಟ್ ಆಲ್ಕೋಹಾಲ್ ಬಿಟ್ಟು ಗ್ಲಿಸರಿನ್ ಸುರಿಸುತ್ತದೆ ಎಂಬುದು ಬರ್ಲಿನ್ನಿನ ಕಾರ್ಲ್ ನಾಯ್‌ಬರ್ಗ್ ಸಂಶೋಧನೆಯಿಂದ ತಿಳಿದಿತ್ತು. ಕಾನ್‌ಸ್ಟೈನ್ ಮತ್ತು ಲ್ಯೂಡೆಕೆ ಎಂಬಿಬ್ಬರು ಇದನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ದರು. ತಿಂಗಳಿಗೆ ಸುಮಾರು ಸಾವಿರ ಟನ್ ಗ್ಲಿಸರಿನ್ ಬೀಟ್ ಸಕ್ಕರೆಯಿಂದಲೇ ಬಂತು. ಎದುರು ಪಾಳಯದ ಬ್ರಿಟನ್ನಿನಲ್ಲಿ ಕೈಮ್ ವೈಜ್‌ಮನ್ ಪಿಷ್ಟ ತಿನ್ನುವ ಬ್ಯಾಕ್ಟೀರಿಯಾದಿಂದ ಅಸಿಟೋನ್ ತೆಗೆದು ಗುಂಡಿನ ಮದ್ದಿಗೆ ಒದಗಿಸುತ್ತಿದ್ದರು. ಎರಡೂ ಪಾಳಯಗಳ ಮದ್ದಿನ ಮನೆಯಲ್ಲಿ ಸೂಕ್ಷ್ಮಜೀವಿಗಳೇ ದುಡಿದವು.

ಯೀಸ್ಟಿನಿಂದ ಇನ್ನು ಮಾಂಸಖಂಡಕ್ಕೆ ಬರಬೇಕು.

ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರುತ್ತದೆಂದು ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಅಳೆದವರ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಏಕೆಂದರೆ ಸ್ನಾಯುವನ್ನು ಕೊಚ್ಚುವಾಗಲೇ ಇನ್ನಷ್ಟು ಆಮ್ಲ ಹುಟ್ಟಿಬಿಡುತ್ತಿತ್ತು. 1907ರಲ್ಲಿ ಕೇಂಬ್ರಿಜ್‌ನ ವಾಲ್ಟರ್ ಫ್ಲೆಚರ್ ಮತ್ತು ಗೌಲಂಡ್ ಹಾಪ್ಕಿನ್ಸ್ ಕಪ್ಪೆಯ ಸ್ನಾಯುವನ್ನು ಮಂಜಿನಷ್ಟು ತಣ್ಣನೆಯ ಆಲ್ಕೋಹಾಲಿಗೆ ಅದ್ದಿ ಅರೆದರು. ರಾಸಾಯನಿಕ ಕ್ರಿಯೆ ಇದ್ದಲ್ಲೇ ನಿಂತಿತು, ಲೆಕ್ಕ ಸರಿಹೋಯಿತು. ಆಮ್ಲಜನಕ ಇಲ್ಲದಾಗ ಆಮ್ಲ ಕೂಡುತ್ತದೆ, ಆಮ್ಲಜನಕ ಸಿಕ್ಕಾಗ ಕರಗುತ್ತದೆ. ಈ ತಳಹದಿಯ ಮೇಲೆ ಜರ್ಮನಿಯ ಓಟೋ ಮೈಯರ್‌ಹೋಫ್ ಮತ್ತು ಇಂಗ್ಲೆಂಡಿನ ಎ.ವಿ. ಹಿಲ್ ಸ್ನಾಯುವಿನ ಲೆಕ್ಕವನ್ನೇ ಬರೆದರು. ಒಬ್ಬರು ರಾಸಾಯನಿಕಗಳನ್ನು ಅಳೆದರೆ ಇನ್ನೊಬ್ಬರು ಶಾಖವನ್ನು ಅಳೆದರು. 1922ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಲ್ಯಾಕ್ಟಿಕ್ ಆಮ್ಲವೇ ಸ್ನಾಯುವನ್ನು ಸಂಕುಚಿಸುತ್ತದೆ ಎಂಬುದು ಆಗಿನ ಸಿದ್ಧಾಂತ.

ಎಂಟೇ ವರ್ಷಕ್ಕೆ ಆ ಸಿದ್ಧಾಂತ ಬಿದ್ದುಹೋಯಿತು. 1930ರಲ್ಲಿ ಕೋಪನ್‌ಹೇಗನ್ನಿನ ತರುಣ ಐನಾರ್ ಲುಂಡ್ಸ್‌ಗಾರ್ಡ್ ಥೈರಾಯ್ಡ್ ವಿಷಯಕ್ಕಾಗಿ ಅಯೋಡಿನ್ ಇರುವ ಸಂಯುಕ್ತಗಳನ್ನು ಪ್ರಾಣಿಗಳಿಗೆ ಕೊಟ್ಟು ನೋಡುತ್ತಿದ್ದರು. ಅಯೋಡೋಅಸಿಟೇಟ್ ಚುಚ್ಚಿದಾಗ ಪ್ರಾಣಿ ಸತ್ತು ಕೊರಡಿನಂತೆ ಸೆಟೆಯಿತು. ಸೆಟೆದ ಸ್ನಾಯುವಿನಲ್ಲಿ ಆಮ್ಲ ತುಂಬಿರಬೇಕಿತ್ತು. ನೋಡಿದರೆ ಇರಲೇ ಇಲ್ಲ. ಅದೇ ವಿಷ ಉಂಡ ಕಪ್ಪೆಯ ಸ್ನಾಯು ಒಂದಿಷ್ಟು ಹೊತ್ತು ಚೆನ್ನಾಗಿಯೇ ಸಂಕುಚಿಸಿತು, ಹನಿ ಲ್ಯಾಕ್ಟಿಕ್ ಆಮ್ಲವನ್ನೂ ಹುಟ್ಟಿಸದೆ. ಸಂಕುಚಿಸಿದಷ್ಟೂ ಅದರಲ್ಲಿ ಖರ್ಚಾದದ್ದು ಫಾಸ್ಫೋಕ್ರಿಯಾಟಿನ್ ಎಂಬ ಬೇರೆ ವಸ್ತು. ತಾನೇ ಕಟ್ಟಿದ ಸಿದ್ಧಾಂತ ಕುಸಿಯುವುದನ್ನು ಕಂಡ ಹಿಲ್ ಅದನ್ನು ಅಲ್ಲಗಳೆಯಲು ಹೋಗಲಿಲ್ಲ. 1932ರಲ್ಲಿ ಬರೆದ ಲೇಖನಕ್ಕೆ ಸ್ನಾಯುಶಾಸ್ತ್ರದಲ್ಲಿ ಕ್ರಾಂತಿ ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟರು. ಮೈಯರ್‌ಹೋಫ್ ಕೂಡ ತಕರಾರಿಲ್ಲದೆ ಒಪ್ಪಿದರು. ನೊಬೆಲ್ ಪಡೆದವರಲ್ಲಿ ಈ ಗುಣ ಅಷ್ಟೇನೂ ಸಾಮಾನ್ಯವಲ್ಲ.

ಆ ಫಾಸ್ಫೋಕ್ರಿಯಾಟಿನ್ ಬೆಳಕಿಗೆ ಬಂದದ್ದು ಲುಂಡ್ಸ್‌ಗಾರ್ಡ್ ಪ್ರಯೋಗಕ್ಕೂ ಮೂರು ವರ್ಷ ಮೊದಲು. ಅದರ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, ಹಾರ್ವರ್ಡ್ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಇದ್ದರು. ಸೈರಸ್ ಫಿಸ್ಕ್ ಜೊತೆ ಅವರು 1925ರಲ್ಲಿ ರೂಪಿಸಿದ ಫಾಸ್ಫೇಟ್ ಅಳೆಯುವ ನೀಲಿ ಬಣ್ಣದ ಪರೀಕ್ಷೆಯನ್ನು ಜಗತ್ತಿನ ಪ್ರಯೋಗಾಲಯಗಳು ದಶಕಗಟ್ಟಲೆ ಬಳಸಿದವು. 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ. ಎಟಿಪಿಯನ್ನು ಅದೇ ವರ್ಷ ಮೈಯರ್‌ಹೋಫ್ ಸಹಾಯಕ ಕಾರ್ಲ್ ಲೋಮನ್ ಕೂಡ ಕಂಡುಹಿಡಿದಿದ್ದರು; ಮೊದಲು ಅಚ್ಚಾದದ್ದು ಅವರ ವರದಿ. ಹಾಗಾಗಿ ಹೆಚ್ಚಿನ ಪುಸ್ತಕಗಳಲ್ಲಿ ಲೋಮನ್ ಹೆಸರು, ಸುಬ್ಬರಾವ್ ಅಭಿಮಾನಿಗಳಲ್ಲಿ ಇಂದಿಗೂ ಅಸಮಾಧಾನ. ಇಬ್ಬರೂ ಸ್ವತಂತ್ರವಾಗಿ ಕಂಡುಹಿಡಿದರು ಎನ್ನುವುದೇ ನ್ಯಾಯವಾದ ಮಾತು. ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗದ ಸುಬ್ಬರಾವ್ 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಆನೆಕಾಲು ರೋಗ ತಡೆಯಲು ನಮ್ಮ ಕರಾವಳಿಯಲ್ಲೂ ಕಲಬುರಗಿ ಕಡೆಯೂ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹಂಚಿದ ಡಿಇಸಿ ಮಾತ್ರೆ ಅವರ ನೇತೃತ್ವದ ತಂಡದ ಕೊಡುಗೆ.

ಅಡ್ಡಹಾಕುವ ವಿಷಗಳಲ್ಲಿ ಇನ್ನೊಂದು ಫ್ಲೋರೈಡ್. ಯೀಸ್ಟಿಗೆ ಫ್ಲೋರೈಡ್ ಉಣಿಸಿದ ಸ್ವೀಡನ್ನಿನ ರಗ್ನಾರ್ ನಿಲ್ಸನ್‌ಗೆ 1930ರಲ್ಲಿ ಫಾಸ್ಫೋಗ್ಲಿಸರಿಕ್ ಆಮ್ಲ ಎಂಬ ಅಪರಿಚಿತ ವಸ್ತು ಗುಡ್ಡೆಬಿದ್ದು ಸಿಕ್ಕಿತು. ಅದೇ ವಸ್ತುವನ್ನು ಸ್ನಾಯುವಿನಲ್ಲಿ ಕಂಡು ಬಿಡಿ ತುಂಡುಗಳನ್ನೆಲ್ಲ ಒಂದು ಸಾಲಿಗೆ ಜೋಡಿಸಿದವರು ಫ್ರಾಂಕ್‌ಫರ್ಟಿನ ಗುಸ್ಟಾವ್ ಎಂಬ್ಡೆನ್. 1933ರಲ್ಲಿ ಅವರು ಪ್ರಕಟಿಸಿದ ನಕ್ಷೆ ಬೆರಗು ಹುಟ್ಟಿಸುವಷ್ಟು ಸರಿಯಾಗಿತ್ತು. ಆರು ಇಂಗಾಲದ ಸಕ್ಕರೆ ಎರಡು ಫಾಸ್ಫೇಟ್ ಹೊತ್ತು ನಡುವೆ ಮುರಿಯುತ್ತದೆ. ಮೂರು ಇಂಗಾಲದ ಎರಡು ಹೋಳಾಗುತ್ತದೆ. ಹೋಳುಗಳು ಬದಲಾಗುತ್ತಾ ಪೈರುವಿಕ್ ಆಮ್ಲವಾಗುತ್ತವೆ. ಸ್ನಾಯುವಿನಲ್ಲಿ ಅದು ಲ್ಯಾಕ್ಟಿಕ್ ಆಮ್ಲವಾಗಿ ಮುಗಿಯುತ್ತದೆ. ಬಿಯರ್ ತೊಟ್ಟಿಯ ಯೀಸ್ಟಿನಲ್ಲೂ ಪೈರುವಿಕ್ ಆಮ್ಲದವರೆಗೆ ಇದೇ ದಾರಿ. ಕೊನೆಯ ತಿರುವು ಮಾತ್ರ ಬೇರೆ, ಅಲ್ಲಿ ಆಲ್ಕೋಹಾಲ್ ಬರುತ್ತದೆ. ಲೀಬಿಗ್ ಗೇಲಿ ಮಾಡಿದ್ದ ಪ್ರಾಣಿಗೂ ಓಡುವ ಮನುಷ್ಯನ ತೊಡೆಗೂ ಒಂದೇ ರಸಾಯನ.

ನಕ್ಷೆ ಅಚ್ಚಾದ ಕೆಲವೇ ತಿಂಗಳಿಗೆ, ಅದೇ ವರ್ಷದ ಜುಲೈನಲ್ಲಿ, 58ರ ಎಂಬ್ಡೆನ್ ತೀರಿಕೊಂಡರು. ಉಳಿದ ಹಂತಗಳನ್ನು ಮೈಯರ್‌ಹೋಫ್, ಲೋಮನ್, ಬರ್ಲಿನ್ನಿನ ಓಟೋ ವಾರ್‌ಬುರ್ಗ್, ಪೋಲೆಂಡಿನ ಲ್ವೂಫ್ ನಗರದ ಯಾಕುಬ್ ಪಾರ್ನಾಸ್ ಮತ್ತಿತರರು 1940ರ ಹೊತ್ತಿಗೆ ತುಂಬಿದರು. ಒಟ್ಟು ಹತ್ತು ಹಂತ, ಹತ್ತು ಕಿಣ್ವ. ಅಂಗಡಿ ಇಡುವವನು ಮೊದಲು ಕೈಯಿಂದ ಬಂಡವಾಳ ಹಾಕುವಂತೆ, ಕೋಶವೂ ಆರಂಭದಲ್ಲಿ ಎರಡು ಎಟಿಪಿ ಖರ್ಚು ಮಾಡಿ ಗ್ಲೂಕೋಸಿಗೆ ಫಾಸ್ಫೇಟ್ ತೊಡಿಸುತ್ತದೆ. ಕೊನೆಗೆ ನಾಲ್ಕು ಗಳಿಸುತ್ತದೆ. ನಿವ್ವಳ ಲಾಭ ಎರಡು. ಗಾಳಿಯ ಹಂಗಿಲ್ಲದ ಈ ಸಣ್ಣ ಸಂಪಾದನೆಯಲ್ಲೇ ನಮ್ಮ ಕೆಂಪು ರಕ್ತಕಣಗಳು ಬದುಕುತ್ತವೆ.

ಎಂಬ್ಡೆನ್ ನಕ್ಷೆಯ ವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ಸಕ್ಕರೆಯ ದಾರಿ ಹುಡುಕುತ್ತಿದ್ದ ಜರ್ಮನ್ ವಿಜ್ಞಾನಿಗಳಲ್ಲಿ ಯಹೂದಿ ಮೂಲದವರು ಹಲವರಿದ್ದರು. ಯುದ್ಧಕಾಲದಲ್ಲಿ ದೇಶಕ್ಕೆ ಗ್ಲಿಸರಿನ್ ದಾರಿ ತೋರಿಸಿದ ನಾಯ್‌ಬರ್ಗ್ ತಾವೇ ಕಟ್ಟಿದ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನು 1934ರಲ್ಲಿ ಕಳೆದುಕೊಂಡು, ಕೊನೆಗೆ ಊರೂರು ಅಲೆದು ಅಮೆರಿಕ ಸೇರಿದರು. ಹೈಡಲ್‌ಬರ್ಗ್‌ನಲ್ಲಿದ್ದ ಮೈಯರ್‌ಹೋಫ್ 1938ರವರೆಗೆ ಕಾದರು; ಆಮೇಲೆ ಪ್ಯಾರಿಸ್ಸಿಗೆ ಹೋದರು. ಎರಡು ವರ್ಷಕ್ಕೆ ಹಿಟ್ಲರನ ಸೇನೆ ಅಲ್ಲಿಗೂ ಬಂತು. ಕುಟುಂಬ ಸಮೇತ ದಕ್ಷಿಣಕ್ಕೆ ಓಡಿ, ವೇರಿಯನ್ ಫ್ರೈ ಎಂಬ ಅಮೆರಿಕನ್ನನ ರಕ್ಷಣಾ ಜಾಲದ ನೆರವಿನಿಂದ ಪಿರೆನೀಸ್ ಪರ್ವತ ದಾಟಿ, ಸ್ಪೇನ್ ಮೂಲಕ 1940ರ ಶರತ್ಕಾಲಕ್ಕೆ ಅವರು ಫಿಲಡೆಲ್ಫಿಯಾ ತಲುಪಿದರು. ಪಾರ್ನಾಸ್ ಗತಿ ಇನ್ನೂ ಕಹಿ. ಜರ್ಮನ್ ಸೇನೆ ಬಂದಾಗ ಅವರು ಸೋವಿಯತ್ ಒಕ್ಕೂಟಕ್ಕೆ ಹೋದರು, ಅಲ್ಲಿ ಗೌರವವೂ ಸಿಕ್ಕಿತು. 1949ರ ಜನವರಿಯಲ್ಲಿ ಸ್ಟಾಲಿನ್ ಪೊಲೀಸರು ಬಂಧಿಸಿ ಮಾಸ್ಕೋದ ಲುಬ್ಯಾಂಕಾ ಜೈಲಿಗೆ ಒಯ್ದ ದಿನವೇ ಅವರು ಸತ್ತರೆಂದು ದಾಖಲೆ ಹೇಳುತ್ತದೆ. ಎಂಬ್ಡೆನ್–ಮೈಯರ್‌ಹೋಫ್–ಪಾರ್ನಾಸ್ ದಾರಿ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಮೂರು ಹೆಸರುಗಳಲ್ಲಿ ಒಂದೂ ತನ್ನ ಊರಿನ ಪ್ರಯೋಗಾಲಯದಲ್ಲಿ ನೆಮ್ಮದಿಯಾಗಿ ನಿವೃತ್ತವಾದದ್ದಲ್ಲ. ಅಮೆರಿಕದ ಪುಸ್ತಕಗಳು ಮೂರನೆಯ ಹೆಸರನ್ನು ಬಿಟ್ಟೂ ಬಿಡುತ್ತವೆ.

ಇದೇ ಸಾಲಿನ ಇನ್ನೊಬ್ಬ ವಿಜ್ಞಾನಿ ಹಾನ್ಸ್ ಕ್ರೆಬ್ಸ್‌ಗೆ ಫ್ರೈಬುರ್ಗ್‌ನ ಕೆಲಸದಿಂದ ವಜಾ ಪತ್ರ ಬಂದದ್ದು 1933ರ ಏಪ್ರಿಲ್‌ನಲ್ಲಿ. ಹಾಪ್ಕಿನ್ಸ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡರು. ಅಲ್ಲಿಂದ ಕ್ರೆಬ್ಸ್ ಶೆಫೀಲ್ಡ್‌ಗೆ ಹೋದರು. ಪೈರುವಿಕ್ ಆಮ್ಲಕ್ಕೆ ಆಮ್ಲಜನಕ ಸಿಕ್ಕಾಗ ಮುಂದೇನಾಗುತ್ತದೆ ಎಂಬುದು ಅವರ ಪ್ರಶ್ನೆ. ಪಾರಿವಾಳದ ಎದೆಯ ಸ್ನಾಯುವನ್ನು ಕೊಚ್ಚಿ, ಮ್ಯಾಲೋನೇಟ್ ಎಂಬ ವಿಷವನ್ನು ಹಾಕಿ ದಾರಿ ಕಟ್ಟಿದರು. ಅಡ್ಡ ಕಟ್ಟಿದ ಜಾಗದಲ್ಲಿ ಸಕ್ಸಿನಿಕ್ ಆಮ್ಲ ಗುಡ್ಡೆಯಾಗಬೇಕು, ಆಯಿತು. ವಿಚಿತ್ರವೆಂದರೆ ಅಡ್ಡದ ಆಚೆಗಿನ ಪದಾರ್ಥವನ್ನು ಹಾಕಿದರೂ ಅದೇ ಆಮ್ಲ ಗುಡ್ಡೆಯಾಯಿತು. ಆಚೆಯಿಂದ ಈಚೆಗೆ ಬರಲು ಬೇರೊಂದು ದಾರಿ ಇರಲೇಬೇಕು, ಅಂದರೆ ಅದು ಸುತ್ತಿ ಬರುವ ದಾರಿ. ಸೆಂಟ್ ಗ್ಯೋರ್ಗಿ, ಮಾರ್ಟಿಯಸ್, ಕ್ನೂಪ್ ಮೊದಲಾದವರು ತುಂಡುಗಳನ್ನು ಕಂಡಿದ್ದರು. ಚಕ್ರವಾಗಿ ಕಂಡದ್ದು ಕ್ರೆಬ್ಸ್‌ಗೆ. 1937ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಗೆ ಕಳಿಸಿದರೆ, ಮುಂದಿನ ಏಳೆಂಟು ವಾರಗಳಿಗೆ ಸಾಕಾಗುವಷ್ಟು ಪತ್ರಗಳು ಈಗಾಗಲೇ ಇವೆ ಎಂದು ವಾಪಸು ಬಂತು. ವಿಲಿಯಂ ಜಾನ್ಸನ್ ಜೊತೆ ಬರೆದ ಆ ವರದಿಯನ್ನು ಹಾಲೆಂಡಿನ ಸಣ್ಣ ಪತ್ರಿಕೆಯೊಂದು ಅಚ್ಚು ಹಾಕಿತು. 1953ರಲ್ಲಿ ನೊಬೆಲ್ ಬಂತು.

ಸಕ್ಕರೆಯ ದಾಸ್ತಾನಾದ ಗ್ಲೈಕೋಜೆನ್ನಿನ ತುದಿಯನ್ನು ಬಿಡಿಸಿದವರು ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ. ಸ್ನಾಯುವಿನ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸ್ ಆಗಿ ಮರಳುತ್ತದೆಂದು ತೋರಿಸಿದರು. 1936ರಲ್ಲಿ ಗ್ಲೈಕೋಜೆನ್ನಿನಿಂದ ಬಿಡಿಸಿಕೊಂಡು ಬರುವ ಮೊದಲ ಪದಾರ್ಥವನ್ನು ಹಿಡಿದರು. ಪ್ರಯೋಗಗಳೆಲ್ಲ ಇಬ್ಬರದೂ, ಹುದ್ದೆ ಮಾತ್ರ ಒಬ್ಬರಿಗೆ. ಹೆಂಡತಿಯ ಜೊತೆ ಸಂಶೋಧನೆ ಮಾಡುವುದು ಅಮೆರಿಕದ ಪದ್ಧತಿಗೆ ಹೊಂದುವುದಿಲ್ಲ ಎಂದು ಅವರಿಗೆ ಒಂದು ವಿಶ್ವವಿದ್ಯಾಲಯದಲ್ಲಿ ಬುದ್ಧಿ ಹೇಳಿದ್ದೂ ಉಂಟು. ಸೇಂಟ್ ಲೂಯಿಸ್‌ನಲ್ಲಿ ಗರ್ಟಿ ಪೂರ್ಣ ಪ್ರಾಧ್ಯಾಪಕಿಯಾದದ್ದು 1947ರಲ್ಲಿ, ನೊಬೆಲ್ ಬಂದ ವರ್ಷ.

ಓಟೋ ವಾರ್‌ಬುರ್ಗ್ ಮಾತ್ರ ಬರ್ಲಿನ್ ಬಿಡಲಿಲ್ಲ. ತಂದೆ ಯಹೂದಿ ಮೂಲದವರು. ಆದರೂ ಅವರ ಸಂಸ್ಥೆ ಯುದ್ಧದುದ್ದಕ್ಕೂ ಉಳಿಯಿತು. 1941ರಲ್ಲಿ ಹುದ್ದೆಯಿಂದ ತೆಗೆದು, ಕೆಲವೇ ವಾರಗಳಲ್ಲಿ ಮತ್ತೆ ಕೂರಿಸಿದರು. ಕ್ಯಾನ್ಸರಿನ ಬಗ್ಗೆ ಹಿಟ್ಲರನಿಗಿದ್ದ ಭಯವೇ ಅವರನ್ನು ಕಾಪಾಡಿ‌ತೆಂದು ಕೆಲವರು ಬರೆದಿದ್ದಾರೆ, ಮೇಲಿನವರ ಶಿಫಾರಸು ಎಂದು ಕೆಲವರು. 1920ರ ದಶಕದಲ್ಲೇ ವಾರ್‌ಬುರ್ಗ್ ಗೆಡ್ಡೆಯ ತೆಳು ಹೋಳುಗಳನ್ನು ಪರೀಕ್ಷಿಸಿ, ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಗ್ಲೂಕೋಸನ್ನು ವಿಪರೀತ ಎಳೆದುಕೊಂಡು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ ಎಂದು ತೋರಿಸಿದ್ದರು. ಗಮನಿಕೆ ಗಟ್ಟಿ. ಅದಕ್ಕೆ ಕೊಟ್ಟ ಕಾರಣ, ಅಂದರೆ ಕೋಶದ ಉಸಿರಾಟ ಕೆಟ್ಟದ್ದೇ ಕ್ಯಾನ್ಸರಿನ ಮೂಲ ಎಂಬುದು, ನಿಲ್ಲಲಿಲ್ಲ. ಬಹುತೇಕ ಗೆಡ್ಡೆಗಳಲ್ಲಿ ಉಸಿರಾಟದ ಯಂತ್ರ ಸುಸ್ಥಿತಿಯಲ್ಲೇ ಇರುತ್ತದೆ. ವಾರ್‌ಬುರ್ಗ್ ಮಾತ್ರ 1970ರಲ್ಲಿ ಸಾಯುವವರೆಗೂ ತಮ್ಮ ಮಾತು ಬಿಡಲಿಲ್ಲ.

ಅವರ ಗಮನಿಕೆ ಮತ್ತೆ ಉಪಯೋಗಕ್ಕೆ ಬಂದದ್ದು ಇನ್ನೊಂದು ಅಡ್ಡಗಟ್ಟೆಯ ಮೂಲಕ. ಗ್ಲೂಕೋಸಿನ ಎರಡನೆಯ ಇಂಗಾಲದಲ್ಲಿ ವಿಕಿರಣಶೀಲ ಫ್ಲೋರಿನ್ ಕೂರಿಸಿದರೆ, ಕೋಶ ಅದನ್ನು ಸಕ್ಕರೆಯೆಂದೇ ಒಳಗೆ ಬಿಟ್ಟುಕೊಳ್ಳುತ್ತದೆ, ಮೊದಲ ಹಂತದ ಫಾಸ್ಫೇಟನ್ನೂ ತೊಡಿಸುತ್ತದೆ. ಎರಡನೆಯ ಹಂತ ದಾಟಲು ಅದಕ್ಕಾಗದು, ಹಿಂದಕ್ಕೂ ಹೋಗಲಾರದು. ಹಸಿದ ಕೋಶದೊಳಗೆ ಸಿಕ್ಕಿಕೊಂಡು ಹೊಳೆಯುತ್ತದೆ. 1976ರ ಆಗಸ್ಟ್‌ನಲ್ಲಿ ಈ ಸಕ್ಕರೆಯನ್ನು ಬ್ರೂಕ್‌ಹೇವನ್‌ನಲ್ಲಿ ತಯಾರಿಸಿ, ವಿಮಾನದಲ್ಲಿ ತಂದು, ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ನಿರಾಶ್ರಿತ ಮೈಯರ್‌ಹೋಫ್ ಕೊನೆಯವರೆಗೆ ದುಡಿದ ಅದೇ ಸಂಸ್ಥೆಯಲ್ಲಿ. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಮಾಡುವ ಪೆಟ್ ಸ್ಕ್ಯಾನ್ ಇದೇ. ಆ ಫ್ಲೋರಿನ್ ನೂರಹತ್ತು ನಿಮಿಷಕ್ಕೆ ಅರ್ಧವಾಗುವುದರಿಂದ ರೋಗಿಯನ್ನು ಹೊತ್ತು ನೋಡಿಯೇ ಕರೆಯುತ್ತಾರೆ.

ಅಷ್ಟು ದುಬಾರಿ ಯಂತ್ರವನ್ನು ಕಾಣದವರೂ ನಿಲ್ಸನ್ ಬಳಸಿದ ವಿಷವನ್ನು ಕಂಡಿರುತ್ತಾರೆ. ಸಕ್ಕರೆ ಕಾಯಿಲೆಯವರು ರಕ್ತ ಕೊಡಲು ಹೋದಾಗ ಬೂದು ಮುಚ್ಚಳದ ಸಣ್ಣ ನಳಿಕೆಗೆ ರಕ್ತ ತುಂಬುತ್ತಾರಲ್ಲ, ಅದರ ತಳದಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ನಳಿಕೆಗೆ ಬಿದ್ದ ಮೇಲೂ ರಕ್ತಕಣಗಳು ಗ್ಲೂಕೋಸ್ ಬಳಸುವುದನ್ನು ನಿಲ್ಲಿಸುವುದಿಲ್ಲ. ಹಾಗೆಯೇ ಬಿಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ, ವರದಿ ಸುಳ್ಳಾಗುತ್ತದೆ. ಫ್ಲೋರೈಡ್ ತಡೆಯುವುದು ಒಂಬತ್ತನೆಯ ಹಂತದ ಎನೊಲೇಸ್ ಕಿಣ್ವವನ್ನು ಎಂದು 1940ರ ದಶಕದ ಆರಂಭದಲ್ಲಿ ಅದನ್ನು ಹರಳುಗಟ್ಟಿಸಿದ ವಾರ್‌ಬುರ್ಗ್ ಪ್ರಯೋಗಾಲಯ ವಿವರಿಸಿತ್ತು. ತೊಡಕಿರುವುದೂ ಅಲ್ಲೇ. ಅಡ್ಡಗಟ್ಟೆ ದಾರಿಯ ಕೊನೆಯ ಭಾಗದಲ್ಲಿ ಇರುವುದರಿಂದ ಎಟಿಪಿ ತೀರುವವರೆಗೆ ಮೇಲಿನ ಹಂತಗಳು ನಡೆಯುತ್ತಲೇ ಇರುತ್ತವೆ. ಮೊದಲ ಒಂದೆರಡು ಗಂಟೆ ಗ್ಲೂಕೋಸ್ ಸೋರುತ್ತಲೇ ಹೋಗುತ್ತದೆ. ಸಕ್ಕರೆ ಮಟ್ಟ ಗಡಿಯಲ್ಲಿರುವವರನ್ನು ಕಾಯಿಲೆ ಇಲ್ಲವೆಂದು ಮನೆಗೆ ಕಳಿಸಲು ಇಷ್ಟು ಸಾಕು. ಅದಕ್ಕೇ ಈಗಿನ ಮಾರ್ಗಸೂಚಿಗಳು ರಕ್ತದ ನಳಿಕೆಯನ್ನು ತಕ್ಷಣ ಮಂಜುಗಡ್ಡೆಯ ನೀರಿನಲ್ಲಿಡಿ, ಇಲ್ಲವೇ ಸಿಟ್ರೇಟ್ ಬೆರೆಸಿದ ನಳಿಕೆ ಬಳಸಿ ಎನ್ನುತ್ತವೆ. ಸಿಟ್ರೇಟಿನ ಹುಳಿ ತಡೆಯುವುದು ದಾರಿಯ ಆರಂಭದ ಕಿಣ್ವಗಳನ್ನು. ಗ್ಲೂಕೋಸ್ ಒಳಗೆ ಕಾಲಿಡುವ ಮೊದಲೇ.